ದುಪ್ಪಟ್ಟಿನ ಲೆಕ್ಕ, ಅಪ್ಪನ ತೊಗರಿ
ತಮ್ಮಾ,

ಕೆನಡಾದ ಬ್ರಾಂಪ್ಟನ್‌ಗೆ ಬಂದು ಮೂರು ವಾರವಾಯಿತೆಂದು ಬರೆದಿದ್ದೀಯ. ಚಳಿ, ಕೆಲಸ, ಬಾಡಿಗೆ ಎಲ್ಲವನ್ನೂ ಕೇಳಿ, ಕೊನೆಗೆ ಇದೊಂದನ್ನು ಸೇರಿಸಿದ್ದೀಯ: ‘ಕಾಕಾ, ಕೋಣೆಯ ಹುಡುಗರು ಶನಿವಾರ ನಯಾಗರಾದ ಕ್ಯಾಸಿನೊಗೆ ಕರೆಯುತ್ತಿದ್ದಾರೆ. ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟದಲ್ಲಿ ಸೋತಾಗಲೆಲ್ಲ ಪಣವನ್ನು ದುಪ್ಪಟ್ಟು ಮಾಡುತ್ತ ಹೋದರೆ ಗೆಲುವು ಖಂಡಿತವಂತೆ. ಬಾಡಿಗೆಯಷ್ಟಾದರೂ ಹುಟ್ಟೀತೇ?’

ಚಳಿಗೆ ಕೋಟ್‌ಗಿಂತ ಮೊದಲು ಒಳ್ಳೆಯ ಬೂಟು ಕೊಂಡುಕೋ. ಸಿಕ್ಕ ಕೆಲಸ ಹಿಡಿ, ಆರು ತಿಂಗಳ ಮೇಲೆ ಆರಿಸು. ಜೋಳದ ಹಿಟ್ಟು ನಿಮ್ಮ ಬಡಾವಣೆಯ ಭಾರತೀಯ ಅಂಗಡಿಗಳಲ್ಲೇ ಸಿಗುತ್ತದೆ. ಇನ್ನು ಬಾಡಿಗೆ. ‘ನಿಮ್ಮ ಅಪ್ಪ ಹೇಳಿದಂತೆ ಮನೆ ಮಾಲೀಕರು ಇದ್ದಕ್ಕಿದ್ದಂತೆ ದೊಡ್ಡ ಮುಂಗಡ ಕೇಳುತ್ತಾರೆಯೇ’ ಎಂದಿದ್ದೀಯ. ಇಲ್ಲ. ನಮ್ಮ ಈ ಒಂಟಾರಿಯೊ ಪ್ರಾಂತ್ಯದ ಕಾನೂನಿನಂತೆ ಮೊದಲ ತಿಂಗಳ ಬಾಡಿಗೆಯ ಜೊತೆಗೆ ಕೊನೆಯ ತಿಂಗಳದ್ದನ್ನು ಮಾತ್ರ ಮುಂಗಡವಾಗಿ ಪಡೆಯಬಹುದು. ಅಪ್ಪ ಹಾಗೇಕೆ ಹೇಳಿದರು ಎನ್ನುವುದಕ್ಕೂ ನಿನ್ನ ಕೊನೆಯ ಪ್ರಶ್ನೆಗೂ ಸಂಬಂಧವಿದೆ.

2006ರ ಜನವರಿ. ಗೋದಾಮಿನಲ್ಲಿ ನಾಲ್ಕು ತಿಂಗಳು ಪೆಟ್ಟಿಗೆ ಹೊತ್ತು 1,270 ಡಾಲರ್ ಉಳಿಸಿದ್ದೆ; ಆಗಿನ ಲೆಕ್ಕದಲ್ಲಿ ಐವತ್ತು ಸಾವಿರ ರೂಪಾಯಿಗೆ ಹತ್ತಿರ. ಜೊತೆಯವನೊಬ್ಬ ಕಾಗದದ ಮೇಲೆ ಬರೆದು ತೋರಿಸಿದ: 10, 20, 40, 80, 160, 320, 640. ಎಲ್ಲಿ ಗೆದ್ದರೂ ಹಿಂದಿನದೆಲ್ಲ ವಾಪಸು ಬಂದು ಹತ್ತು ಡಾಲರ್ ಲಾಭ. ಏಳು ಸಲ ಬಿಡದೆ ಯಾರು ಸೋಲುತ್ತಾರೆ ಎಂದ. ಕೂಡಿಸಿ ನೋಡಿದೆ, ಸರಿಯಾಗಿ 1,270. ನನ್ನ ಹಣಕ್ಕೆಂದೇ ಅಳೆದು ಹೊಲಿದ ಲೆಕ್ಕದಂತೆ ಕಂಡಿತು.

ಯಾರು ಸೋಲುತ್ತಾರೆಂದು ಈಗ ನಾನು ಹೇಳಬಲ್ಲೆ. ಚೆನ್ನಾಗಿ ಆಡುವವನೂ ನೂರು ಕೈಗಳಲ್ಲಿ, ಅಂದರೆ ನೂರು ಸಲ ಎಲೆ ಹಂಚಿದಾಗ, ಗೆಲ್ಲುವುದು ನಲವತ್ತೆರಡು, ನಲವತ್ತಮೂರು, ಸೋಲುವುದು ನಲವತ್ತೊಂಬತ್ತು, ಉಳಿದವು ಸರಿಸಮ. ಸರಿಸಮ ಬಿಟ್ಟು ಎಣಿಸಿದರೆ, ಹತ್ತು ಡಾಲರಿನಿಂದ ಹೊಸದಾಗಿ ಶುರುಮಾಡಿದ ಸುಮಾರು ಎಂಬತ್ತು ಸರದಿಗಳಲ್ಲಿ ಒಂದು, ಏಳೂ ಸೋಲುಗಳ ಸರದಿಯಾಗುತ್ತದೆ. ಉಳಿದವುಗಳಿಂದ ಬಂದದ್ದು ಎಂಟುನೂರರ ಒಳಗೆ, ಆ ಒಂದರಿಂದ ಹೋದದ್ದು 1,270. ಎಂಬತ್ತೆಂದರೆ ಬಹಳ ದೂರವೆಂದುಕೊಳ್ಳಬೇಡ. ಗಂಟೆಗೆ ಅರವತ್ತು, ಎಪ್ಪತ್ತು ಕೈ ಹಂಚುತ್ತಾರೆ. ಮೂರು ಗಂಟೆ ಕುಳಿತರೆ ಅಷ್ಟು ಸರದಿಗಳು ಮುಗಿಯುತ್ತವೆ. ಎಂಟನೆಯ ಪಣ 1,280. ಕಿಸೆಯಲ್ಲಿ ಹಣವಿದ್ದರೂ ಅದನ್ನು ಇಡಲಾಗುತ್ತಿರಲಿಲ್ಲ, ನಾನು ಹೋಗಿ ಆಡಿದ ಮೇಜಿನ ಮಿತಿ ಸಾವಿರವಿತ್ತು. ಸಾಮಾನ್ಯವಾಗಿ ಎಲ್ಲ ಮೇಜುಗಳಿಗೂ ಇಂಥದೊಂದು ಮಿತಿ ಇದ್ದೇ ಇರುತ್ತದೆ.

ಇನ್ನೊಂದು ಪೆಟ್ಟನ್ನು ಯಾರೂ ಹೇಳುವುದಿಲ್ಲ. ಈ ಆಟದಲ್ಲಿ ಎಲೆಗಳ ಮೊತ್ತ ಇಪ್ಪತ್ತೊಂದನ್ನು ದಾಟದೆ ಅದಕ್ಕೆ ಹೆಚ್ಚು ಹತ್ತಿರವಾದವರು ಗೆಲ್ಲುತ್ತಾರೆ. ನನ್ನ ಏಳನೆಯ ಕೈಯಲ್ಲಿ, 640 ಡಾಲರ್ ಮೇಜಿನ ಮೇಲಿದ್ದಾಗ, ನನಗೆ ಎರಡು ಎಂಟು ಬಂದವು. ಹಂಚುವವಳ ಮುಂದೆ ಆರು. ಅಂಥ ಜೋಡಿಯನ್ನು ಒಡೆದು ಎರಡು ಕೈ ಆಡುವುದೇ ಸರಿಯಾದ ಆಟ, ಆದರೆ ಒಡೆಯಲು ಇನ್ನೊಂದು 640 ಬೇಕು. ನನ್ನಲ್ಲಿ ಕೋಣೆಗೆ ಮರಳುವ ಬಸ್ಸಿನ ಚೀಟಿ ಮಾತ್ರ ಇತ್ತು. ಹದಿನಾರಕ್ಕೇ ನಿಂತೆ. ಅವಳು ಹತ್ತು ತೆಗೆದಳು, ಆಮೇಲೆ ಐದು. ಇಪ್ಪತ್ತೊಂದು.

ನಿನ್ನ ಗೆಳೆಯರು ಬೇರೆ ಕ್ರಮಗಳನ್ನೂ ಹೇಳಿಯಾರು: ಗೆದ್ದಾಗ ಏರಿಸುವುದು, ಒಂದೊಂದೇ ಮೆಟ್ಟಿಲು ಹತ್ತುವುದು. ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞ 1962ರಲ್ಲಿ ಈ ಆಟವನ್ನು ಗೆಲ್ಲುವ ದಾರಿ ತೋರಿಸಿದ್ದು ನಿಜ. ಆದರೆ ಆತ ಪಣ ಏರಿಸಿದ್ದು ಕಟ್ಟಿನಲ್ಲಿ ಉಳಿದ ಎಲೆಗಳನ್ನು ಎಣಿಸಿ, ಹಿಂದಿನ ಕೈ ಸೋತೆನೆಂದಲ್ಲ. ಸೋಲನ್ನು ನೋಡಿ ಪಣ ಬದಲಿಸುವ ಯಾವ ಕ್ರಮವೂ ಕ್ಯಾಸಿನೊದ ಮೇಲುಗೈಯನ್ನು ಅಳಿಸುವುದಿಲ್ಲ. ನಿಯಮಗಳು ಒಳ್ಳೆಯವಿದ್ದು ನೀನು ತಪ್ಪಿಲ್ಲದೆ ಆಡಿದರೂ ನೂರು ಡಾಲರಿಗೆ ಸುಮಾರು ಅರ್ಧ ಡಾಲರ್ ಅವರದೇ. ಪಣ ದೊಡ್ಡದಾದಷ್ಟೂ ಆ ಅರ್ಧವೂ ದೊಡ್ಡದಾಗುತ್ತದೆ. ನಮ್ಮ ಕಡೆ ಮಟ್ಕಾದ ಹಿಂದೆ ಬಿದ್ದವರನ್ನು ನೀನು ನೋಡಿದ್ದೀಯ. ಅವರೂ ಹಿಂದಿನ ಅಂಕಿಗಳನ್ನು ಬರೆದಿಟ್ಟುಕೊಂಡೇ ಹಾಳಾದರು. ಇಂಗ್ಲಿಷ್ ಹೆಸರೂ ಹೊಳೆಯುವ ದೀಪಗಳೂ ಇದ್ದವೆಂದು ನಾನು ಇದನ್ನು ಬೇರೆಯೆಂದುಕೊಂಡೆ.

ಫೆಬ್ರುವರಿ ಒಂದಕ್ಕೆ ಬಾಡಿಗೆ ಕೊಡಬೇಕಿತ್ತು. ಫೋನ್ ಕಾರ್ಡ್ ಉಜ್ಜಿ ಅಪ್ಪನಿಗೆ ಕರೆ ಮಾಡಿ, ಮನೆ ಮಾಲೀಕ ಇದ್ದಕ್ಕಿದ್ದಂತೆ ದೊಡ್ಡ ಮುಂಗಡ ಕೇಳುತ್ತಿದ್ದಾನೆ ಎಂದೆ. ಆಗಷ್ಟೇ ತೊಗರಿ ರಾಶಿಯಾಗಿತ್ತು. ಸುಗ್ಗಿಯಲ್ಲಿ ಎಲ್ಲರೂ ಮಾರುವಾಗ ಅಪ್ಪ ಮಾರುತ್ತಿರಲಿಲ್ಲ. ಚೀಲ ಹೊಲಿದು ಪಡಸಾಲೆಯಲ್ಲಿ ಒಟ್ಟಿ, ದರ ಏರುವವರೆಗೆ ಕಾಯುವುದು ಅವರ ಹಟ. ಆ ವರ್ಷ ಕಣದಿಂದಲೇ ಗಾಡಿ ಹೇರಿಸಿ ಗುಲ್ಬರ್ಗಾದ ಗಂಜ್‌ಗೆ ಒಯ್ದು, ಅಡತಿಯವರು ಹೇಳಿದ ದರಕ್ಕೆ ಕೊಟ್ಟು, ಅಲ್ಲಿಯೇ ಬ್ಯಾಂಕಿಗೆ ಹೋಗಿ ನನಗೆ ಹಣ ಕಳಿಸಿದರು. ಪರದೇಶದಿಂದ ಊರಿಗೆ ಹಣ ಹೋಗುವುದನ್ನು ಕೇಳಿದ್ದೇವೆ. ನಮ್ಮ ಮನೆಯಲ್ಲಿ ಸೇಡಂ ಸೀಮೆಯ ತೊಗರಿ ಕೆನಡಾಕ್ಕೆ ಬಾಡಿಗೆ ಕಟ್ಟಿತು.

ವರ್ಷದೊಳಗೆ ಅಷ್ಟನ್ನೂ ತಿರುಗಿ ಕಳಿಸಿದೆ. ಮುಂದೆ ಕೊಳವೆಬಾವಿ ಹಾಕಿಸಿದೆ, ಮನೆಗೆ ಮೇಲ್ಮಹಡಿ ಕಟ್ಟಿಸಿದೆ. ಆ ಸುಳ್ಳನ್ನು ಮಾತ್ರ ತಿರುಗಿ ತೆಗೆದುಕೊಳ್ಳಲಿಲ್ಲ. ಇಪ್ಪತ್ತು ವರ್ಷಗಳಿಂದ ಅಪ್ಪ, ಊರಿನಿಂದ ಹೊರಡುವ ಪ್ರತಿ ಹುಡುಗನನ್ನೂ ಕಟ್ಟೆಯ ಮೇಲೆ ಕೂರಿಸಿಕೊಂಡು, ಅಲ್ಲಿನ ಮಾಲೀಕರು ಬಹಳ ಕಟ್ಟುನಿಟ್ಟು, ಮುಂಗಡಕ್ಕೆಂದು ಹಣ ಬೇರೆ ಕಟ್ಟಿಕೊಂಡು ಹೋಗು ಎನ್ನುತ್ತಾರೆ. ನಿನಗೂ ಹಾಗೆಯೇ ಹೇಳಿ ಕಳಿಸಿದ್ದಾರೆಂದು ನಿನ್ನ ಪತ್ರದಲ್ಲಿ ಓದಿದಾಗ ನನಗೆ ಮುಂದಿನ ಸಾಲು ಕಾಣಲಿಲ್ಲ.

ಈ ಸಲ ಊರಿಗೆ ಹೋದಾಗ ನಾನೇ ಅವರ ಎದುರು ಕುಳಿತು ಹೇಳುತ್ತೇನೆ. ಅಲ್ಲಿಯವರೆಗೆ ಇದು ನಿನ್ನಲ್ಲಿರಲಿ. ಶನಿವಾರ ಆ ಬಸ್ಸು ಹತ್ತಬೇಡ, ನಮ್ಮ ಮನೆಗೆ ಬಾ. ನಿನ್ನ ಕಾಕಿ ರೊಟ್ಟಿ ಬಡಿಯುತ್ತಾಳೆ, ಶೇಂಗಾ ಹಿಂಡಿ ಇದೆ. ಕೋಣೆಯ ಹುಡುಗರನ್ನೂ ಕರೆದುಕೊಂಡು ಬಾ.