ಹವಳದ ದಿಬ್ಬಕ್ಕೆ ಆಳದ ಒಂದೇ ಅಂಕಿ ಹುಡುಕಬೇಡಿ

ಹವಳದ ದಿಬ್ಬಗಳು ಬೆಳೆಯುವ ಆಳವನ್ನು ಒಂದು ಪುಸ್ತಕ 50 ಮೀಟರ್ ಎನ್ನುತ್ತದೆ, ಇನ್ನೊಂದು 150 ಎನ್ನುತ್ತದೆ, ಪರೀಕ್ಷೆಗೆ ಯಾವುದನ್ನು ಬಾಯಿಪಾಠ ಮಾಡಲಿ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ನಾನೂ ಹೀಗೆಯೇ ಒಂದು ಅಂಕಿಯ ಬೆನ್ನು ಹತ್ತಿದ್ದೆ. ನನ್ನದು 1,400.

ವಿಜ್ಞಾನ ಪ್ರದರ್ಶನಕ್ಕೆಂದು ಥರ್ಮಾಕೋಲಿನಲ್ಲಿ ಸಮುದ್ರದ ಸೀಳುನೋಟ ಮಾಡಿ, ಮೇಲಿನಿಂದ ತಳದವರೆಗೂ ಕೆಂಪು ಬಳಿದ ಹವಳಗಳನ್ನು ಅಂಟಿಸಿದ್ದೆ. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿನ ಎನಿವೆಟಾಕ್ ಎಂಬ ಹವಳದ್ವೀಪದಲ್ಲಿ 1952ರಲ್ಲಿ ಕೊಳವೆ ಕೊರೆದಾಗ, ಸುಮಾರು 1,400 ಮೀಟರ್ ಸುಣ್ಣಕಲ್ಲು ದಾಟಿದ ಮೇಲೆ ಜ್ವಾಲಾಮುಖಿಯ ಶಿಲೆ ಸಿಕ್ಕಿತೆಂದು ಓದಿದ್ದೆ. ಸುಣ್ಣಕಲ್ಲು ಹವಳದ್ದಾದ ಮೇಲೆ ಹವಳ ಅಷ್ಟು ಆಳದಲ್ಲಿ ಬೆಳೆದಿರಲೇಬೇಕು ಎಂದು ತೀರ್ಮಾನಿಸಿದೆ. ತೀರ್ಪುಗಾರರೊಬ್ಬರು ತಳದ ಹವಳದ ಮೇಲೆ ಬೆರಳಿಟ್ಟು, "ಇದಕ್ಕೆ ಬಿಸಿಲು ಎಲ್ಲಿಂದ ಬರುತ್ತದಮ್ಮಾ?" ಎಂದು ಕೇಳಿದರು. ನನಗೆ ಮಾತು ಹೊರಡಲಿಲ್ಲ. ಎರಡು ತಿಂಗಳ ದುಡಿಮೆ ಅಲ್ಲಿಗೆ ಮುಗಿಯಿತು.

ಆ ತಪ್ಪನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದರ ಬೀಜವಿದೆ. ದಿಬ್ಬದ ದಪ್ಪವೇ ಬೇರೆ, ಹವಳ ಬದುಕುವ ಆಳವೇ ಬೇರೆ. ದಿಬ್ಬ ಕಟ್ಟುವ ಹವಳದ ಮೈಯೊಳಗೆ ಜೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ವಾಸವಾಗಿದ್ದು, ಬಿಸಿಲಿನಿಂದ ಅದು ತಯಾರಿಸುವ ಆಹಾರವೇ ಹವಳದ ಮುಖ್ಯ ಆಧಾರ. 1842ರಲ್ಲೇ ಡಾರ್ವಿನ್ ವಿವರಿಸಿದಂತೆ, ಜ್ವಾಲಾಮುಖಿ ದ್ವೀಪವು ನಿಧಾನವಾಗಿ ಕುಸಿಯುತ್ತಿದ್ದರೆ ಹವಳಗಳು ಹಳೆಯವುಗಳ ಮೇಲೆ ಹೊಸದಾಗಿ ಕಟ್ಟಿಕೊಳ್ಳುತ್ತ ಬೆಳಕಿನ ಮಟ್ಟದಲ್ಲೇ ಉಳಿಯುತ್ತವೆ; ಅಡಿಯಲ್ಲಿ ಸತ್ತವುಗಳ ಸುಣ್ಣ ಶೇಖರವಾಗುತ್ತದೆ. ಎನಿವೆಟಾಕ್‌ನ ತಳದ ಸುಣ್ಣ ಕಟ್ಟಿದ ಹವಳಗಳೂ ಬದುಕಿದ್ದಾಗ ಮೇಲ್ಮೈಯ ಸಮೀಪದಲ್ಲೇ ಇದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ಮಡಕೆಯ ಚೂರುಗಳು ನೆಲದಡಿ ಸಿಕ್ಕವೆಂದು, ಅಲ್ಲಿನ ಜನ ನೆಲದಡಿಯೇ ಬಾಳಿದ್ದರು ಎಂದಂತಿತ್ತು ನನ್ನ ವಾದ.

ನಿಮ್ಮ ಎರಡು ಪುಸ್ತಕಗಳೂ ಸುಳ್ಳು ಹೇಳುತ್ತಿಲ್ಲ. ದಿಬ್ಬ ಚುರುಕಾಗಿ ಬೆಳೆಯುವುದು ಸುಮಾರು 50 ಮೀಟರ್ ಒಳಗೆ. ಅದರ ಕೆಳಗೆ, ನೀರು ತಿಳಿಯಾಗಿರುವಲ್ಲಿ, ಮಂದ ಬೆಳಕಿಗೆ ಒಗ್ಗಿದ ತಟ್ಟೆಯಾಕಾರದ ಹವಳಗಳು 150 ಮೀಟರ್‌ವರೆಗೂ ಇರುತ್ತವೆ. ಫ್ರೆಂಚ್ ಪಾಲಿನೇಷಿಯಾದಲ್ಲಿ ಪಾಚಿಯುಳ್ಳ ಹವಳವೊಂದು 172 ಮೀಟರ್‌ನಲ್ಲಿ ಸಿಕ್ಕಿದೆ. ಇನ್ನು ನಾರ್ವೆಯ ಕರಾವಳಿಯಾಚೆ 2002ರಲ್ಲಿ ಪತ್ತೆಯಾದ ರೋಸ್ಟ್ ದಿಬ್ಬವು 300ರಿಂದ 400 ಮೀಟರ್ ಆಳದ ಕತ್ತಲಲ್ಲಿ ಸುಮಾರು 40 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಅಲ್ಲಿನ ತಣ್ಣೀರ ಹವಳಕ್ಕೆ ಪಾಚಿಯ ಹಂಗಿಲ್ಲ, ಪ್ರವಾಹ ತರುವ ಆಹಾರವನ್ನು ಹಿಡಿದು ಅದು ಬದುಕುತ್ತದೆ.

ಹಾಗಾಗಿ ಪಾಚಿಯುಳ್ಳ ಹವಳದ ಮಟ್ಟಿಗೆ ಎಷ್ಟು ಮೀಟರ್ ಎಂದು ಕೇಳುವುದೇ ತಪ್ಪು, ಬೆಳಕು ಎಲ್ಲಿಯವರೆಗೆ ಎಂದು ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರದರ್ಶನದ ಮರುವರ್ಷ ಬಿಳಿ ತಟ್ಟೆಯೊಂದಕ್ಕೆ ಕಲ್ಲು ಕಟ್ಟಿ ಸೂಳೆಕೆರೆಯಲ್ಲಿ ಹಗ್ಗದಿಂದ ಇಳಿಸಿ ನೋಡಿದೆ. ಮಳೆಗಾಲದ ಕೆಂಪು ನೀರಿನಲ್ಲಿ ಒಂದು ಮೊಳ ಇಳಿಯುವಷ್ಟರಲ್ಲಿ ತಟ್ಟೆ ಮರೆಯಾಯಿತು. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಎರಡು ಮೊಳ ದಾಟಿದರೂ ಅಂಚು ಕಾಣುತ್ತಿತ್ತು. ಸಮುದ್ರದಲ್ಲೂ ಹೀಗೆಯೇ: ಕಛ್ ಕೊಲ್ಲಿಯ ಕದಡಿದ ನೀರಿಗಿಂತ ಲಕ್ಷದ್ವೀಪದ ತಿಳಿನೀರಿನಲ್ಲಿ ಹವಳ ಹೆಚ್ಚು ಆಳಕ್ಕೆ ಇಳಿಯಬಲ್ಲದು.

ಆಯ್ಕೆಯ ಪ್ರಶ್ನೆ ಬಂದರೆ 50ಕ್ಕೇ ಗುರುತು ಹಾಕಿ. ವಿವರಿಸಿ ಬರೆಯುವುದಾದರೆ, ಯಾವ ಹವಳ ಮತ್ತು ಎಂತಹ ನೀರು ಎಂಬುದನ್ನು ಮೊದಲು ಬರೆದು, ಅಂಕಿಯನ್ನು ಆಮೇಲೆ ಬರೆಯಿರಿ.