ಅವ್ವ ಕೊಟ್ಟ ಆರು ಉಂಡೆ ದಾರ

ತಂಗಿ, ನಿನ್ನ ಮೆಸೇಜ್ ಎರಡು ಸಲ ಓದಿದೆ. ಸೆಪ್ಟೆಂಬರಿನಲ್ಲಿ ಕೊಪ್ಪಳದಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದಿದ್ದೀಯ. ಮನೆಯವರು ಬೆಳಿಗ್ಗೆಯೇ ಕೆಲಸಕ್ಕೆ, ಆರು ವರ್ಷದ ಮಗಳು ಶಾಲೆಗೆ. 23 ಕಿಲೋ ಬ್ಯಾಗಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬಿದ ಮೇಲೂ ನಿಮ್ಮವ್ವ ಒಂದು ಕ್ರೋಶಾ ಕಡ್ಡಿ, ಆರು ಉಂಡೆ ಬಿಳಿ ದಾರ ತುರುಕಿದರು. ‘ಇಲ್ಲಿ ಇದು ಯಾತಕ್ಕೆ ಅಕ್ಕಾ? ಈ ಕತ್ತಲಲ್ಲಿ ದಿನ ಹೇಗೆ ಕಳೆಯೋದು? ಮಗಳು ಅಜ್ಜಿಯನ್ನ ಮರೆತುಬಿಡ್ತಾಳಾ?’ ಅಂತ ಕೇಳಿದ್ದೀಯ. ನಾನು ಬಳ್ಳಾರಿ ಬಿಟ್ಟು 19 ವರ್ಷ ಆಯಿತು. ನನ್ನ ಮಾತು ಕೇಳುವುದಾದರೆ ಆ ಕಡ್ಡಿಯನ್ನು ಇವತ್ತೇ ಹೊರಗೆ ತೆಗೆ.

ಕತ್ತಲಿನ ಮಾತು ಮೊದಲು ಮುಗಿಸಿಬಿಡ್ತೀನಿ. ಡಿಸೆಂಬರಿನಲ್ಲಿ ಇಲ್ಲಿ 4 ಗಂಟೆಯೊಳಗೆ ಹೊತ್ತು ಮುಳುಗುತ್ತದೆ. ಜೂನಿನಲ್ಲಿ ರಾತ್ರಿ 9 ಆದರೂ ಬೆಳಕು. ಬೆಳಕಿರುವಾಗ ಹೊರಗೆ ಹೋಗು, ಮಳೆ ಬಂದರೂ ಹೋಗು. ಒಳ್ಳೆಯ ಕೋಟು ತಗೋ, ಅದರಲ್ಲಿ ದುಡ್ಡು ಉಳಿಸಬೇಡ. ಸಂಜೆಗಳು ಉದ್ದ ಇರುತ್ತವೆ ಅನ್ನುವುದು ನಿಜ. ಆ ಸಂಜೆಗಳಿಗೇ ಕಡ್ಡಿ ಬೇಕು.

ನನ್ನ ಅಜ್ಜಿ ಹೆಣೆಯುತ್ತಿದ್ದದ್ದು ಬಳ್ಳಾರಿಯ ಬೇಸಿಗೆ ಮಧ್ಯಾಹ್ನಗಳಲ್ಲಿ. ಬಿಸಿಲು 40 ಡಿಗ್ರಿ ದಾಟಿದರೆ ಬೀದಿಯಲ್ಲಿ ನಾಯಿಯೂ ಓಡಾಡುವುದಿಲ್ಲ, ನಿನಗೆ ಗೊತ್ತಲ್ಲ. ಬ್ರೂಸ್‌ಪೇಟೆಯ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದಳು. ದಾರದ ಉಂಡೆ ಹಿತ್ತಾಳೆ ತಂಬಿಗೆಯೊಳಗೆ. ಉರುಳಿ ಹೋಗಬಾರದು, ಧೂಳು ಹತ್ತಬಾರದು. ಬೆವರಿದ ಕೈಯಿಂದ ಬಿಳಿ ದಾರ ಮಾಸುತ್ತದೆ ಅಂತ ಕೈ ತೊಳೆದು ಪೌಡರ್ ಹಚ್ಚಿಕೊಳ್ಳುತ್ತಿದ್ದಳು. ಬಾಗಿಲಿಗೆ ತೋರಣ, ದೇವರ ಮುಂದೆ ಪರದೆ, ಟಿವಿ ಮೇಲೆ ಬಟ್ಟೆ, ಮನೆತನದಲ್ಲಿ ಹುಟ್ಟುವ ಪ್ರತಿ ಕೂಸಿಗೂ ಒಂದು ಕುಲಾವಿ. ಹೆಣೆದು ಮುಗಿದ ಮೇಲೆ ತಿಳಿ ಗಂಜಿಯಲ್ಲಿ ಅದ್ದಿ, ಹಾಸಿಗೆಯ ಮೇಲೆ ಹರಡಿ, ಸುತ್ತಲೂ ಗುಂಡುಸೂಜಿ ಚುಚ್ಚಿ ಒಣಗಿಸುತ್ತಿದ್ದಳು. ಹೂವಿನ ಎಸಳುಗಳು ಆಗಲೇ ಬಿಡಿಸಿಕೊಂಡು ಕಾಣುತ್ತಿದ್ದದ್ದು. ಆ ಹಾಸಿಗೆಯ ಹತ್ತಿರ ನಾವು ಮಕ್ಕಳು ಸುಳಿಯುವ ಹಾಗಿರಲಿಲ್ಲ.

ಅಜ್ಜಿಗೆ ಓದು ಬರಹ ಇರಲಿಲ್ಲ. ಲೆಕ್ಕವೆಲ್ಲ ಬಾಯಲ್ಲಿ. ‘ಐದು ಸರಪಳಿ, ಮೂರು ಕಂಬ, ಮತ್ತ ಐದು ಸರಪಳಿ.’ ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತಾ ಹೋದರೆ ಸರಪಳಿ. ಕಡ್ಡಿಗೆ ಮೊದಲೇ ಒಂದು ಸುತ್ತು ದಾರ ಹಾಕಿ ಚುಚ್ಚಿದರೆ ನಮ್ಮ ಮನೆಯಲ್ಲಿ ಅದು ಕಂಬ. ಸುತ್ತು ಹಾಕದೆ ಚುಚ್ಚಿದರೆ ಗಿಡ್ಡ ಕಂಬ. ಅವ್ವ ಹಾಗೇ ಕಲಿತಳು, ನಾನೂ ಹಾಗೇ. ಈ ಹೆಸರುಗಳ ಬೆಲೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ನಮ್ಮ ಗಿಡ್ಡ ಕಂಬವನ್ನು ಅಮೆರಿಕದವರು ಸಿಂಗಲ್ ಕ್ರೋಶೆ ಅಂದರೆ ಇಂಗ್ಲೆಂಡಿನವರು ಡಬಲ್ ಅನ್ನುತ್ತಾರೆ. ನಮ್ಮ ಕಂಬ ಅವರಿಗೆ ಡಬಲ್, ಇವರಿಗೆ ಟ್ರೆಬಲ್. ಮಾದರಿ ಯಾವ ದೇಶದ್ದು ಅಂತ ನೋಡದೆ ಶುರು ಮಾಡಿದರೆ ಅಳತೆಯೇ ತಪ್ಪುತ್ತದೆ. ನಾನು ಯಾವುದೇ ಮಾದರಿ ಸಿಕ್ಕರೂ ಮೊದಲು ಪೆನ್ಸಿಲಿನಲ್ಲಿ ಕಂಬ, ಗಿಡ್ಡ ಕಂಬ ಅಂತ ಪಕ್ಕಕ್ಕೆ ಬರೆದುಕೊಳ್ಳುತ್ತೇನೆ. ನೀನೂ ಹಾಗೆ ಮಾಡು.

ಈಗ ಮಗಳ ವಿಷಯ. ನನ್ನ ಮಗಳು ಎಡಚಿ. ಏಳು ವರ್ಷದವಳಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಲು ಹೋದೆ. ನನ್ನ ಕೈ ನೋಡಿ ಮಾಡಿದರೆ ಅವಳದೆಲ್ಲ ತಿರುಗುಮುರುಗಾಗುತ್ತಿತ್ತು. ಬಲಗೈಯಲ್ಲೇ ಹಿಡಿ ಅಂತ ಗದರಿದೆ. ಅವಳು ಅತ್ತು ಕಡ್ಡಿ ಎಸೆದಳು. ಆ ತಪ್ಪು ನನ್ನದು, ಇವತ್ತಿಗೂ ನೆನಪಾದರೆ ಬೇಜಾರಾಗುತ್ತದೆ. ರಾತ್ರಿ ಅವ್ವನಿಗೆ ಹೇಳಿದೆ. ‘ಕೂಸಿಗೆ ಬೈಬ್ಯಾಡ. ನನ್ನ ಎದುರಿಗೆ ಕುಂದ್ರಸು’ ಅಂದಳು. ಎದುರಿಗೆ ಅಂದರೆ ವಿಡಿಯೊ ಕಾಲ್‌ನಲ್ಲಿ. ಬಳ್ಳಾರಿಯಲ್ಲಿ ಅವ್ವ ಬಲಗೈಯಲ್ಲಿ ಕಡ್ಡಿ ಹಿಡಿದರೆ ಇಲ್ಲಿ ಅದು ಸರಿಯಾಗಿ ಮಗಳ ಎಡಗೈಯ ಎದುರಿಗೇ ಬರುತ್ತದೆ. ಕನ್ನಡಿ ನೋಡಿಕೊಂಡು ಮಾಡಿದ ಹಾಗೆ. ಪಕ್ಕದಲ್ಲೇ ಕೂತ ನನ್ನಿಂದ ಆಗದ ಕೆಲಸ, ಏಳೆಂಟು ಸಾವಿರ ಕಿಲೋಮೀಟರ್ ಆಚೆ ಇದ್ದ ಅಜ್ಜಿಯಿಂದ ಎರಡೇ ವಾರದಲ್ಲಿ ಆಯಿತು. ನಿನ್ನ ಮಗಳು ಬಲಗೈಯವಳಾದರೆ ನೀನೇ ಪಕ್ಕದಲ್ಲಿ ಕೂತು ಕಲಿಸು.

ಅಂದಿನಿಂದ ಶನಿವಾರ ಬೆಳಿಗ್ಗೆ 10 ಗಂಟೆ ಅವರಿಬ್ಬರದು. ಬೇಸಿಗೆಯಲ್ಲಿ ಅಲ್ಲಿ ಎರಡೂವರೆ, ಅವ್ವ ತೂಕಡಿಸುತ್ತಿರುತ್ತಾಳೆ. ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಅಲ್ಲಿ ಮೂರೂವರೆ ಆಗುತ್ತದೆ. ಆಗ ನಿದ್ದೆ ಮುಗಿಸಿ, ಚಹಾ ಕುಡಿದು ಕೂತಿರುತ್ತಾಳೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಡುತ್ತೇವೆ.

ಇಲ್ಲಿನ ಮಕ್ಕಳಿಗೆ ಅಜ್ಜಿಯ ಹತ್ತಿರ ‘ಊಟ ಆಯ್ತಾ’ ಅಂದ ಮೇಲೆ ಮುಂದಿನ ಮಾತೇ ಇರುವುದಿಲ್ಲ ತಂಗಿ. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕೈಯಲ್ಲಿ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ. ಸಡಿಲ ಬಿಡು, ಬಿಗಿ ಹಿಡಿ, ಸಿಕ್ಕು ಬಿಡಿಸು, ಒಂದು ಕುಣಿಕೆ ತಪ್ಪೇತಿ ನೋಡು. ನಡುವೆ ಯಾರ ಮನೆಯಲ್ಲಿ ಕುಬಸ, ಯಾವ ಮಾವನಿಗೆ ಮಂಡಿ ನೋವು, ಎಲ್ಲ ಬರುತ್ತದೆ. ಕೆಲವು ಸಲ ಇಬ್ಬರೂ ಸುಮ್ನೆ ಕೂತು ಹೆಣೆಯುತ್ತಾರೆ. ಮಗಳಿಗೆ ಈಗ 16. ಶಾಲೆಯ ಲೆಕ್ಕವೆಲ್ಲ ಇಂಗ್ಲಿಷಿನಲ್ಲೇ ಮಾಡುತ್ತಾಳೆ. ಕಂಬ ಎಣಿಸುವಾಗ ಮಾತ್ರ ಒಂದು, ಎರಡು, ಮೂರು.

ಮಗುವಿನ ಕೈಗೆ ಮೊದಲೇ ಆ ಸಣ್ಣ ಬಿಳಿ ದಾರ ಕೊಡಬೇಡ. ಕಣ್ಣಿಗೆ ಕಾಣುವುದಿಲ್ಲ, ಬೇಸರ ಬರುತ್ತದೆ. ಇಲ್ಲಿ ಡಿಕೆ ಅಂತ ದಪ್ಪ ಉಣ್ಣೆ ಸಿಗುತ್ತದೆ, ಅದಕ್ಕೆ 4 ಎಂಎಂ ಕಡ್ಡಿ. ಚಾರಿಟಿ ಅಂಗಡಿಗಳಲ್ಲಿ ಎರಡೂ ಅಗ್ಗ. ತಪ್ಪಾದರೆ ಬಿಚ್ಚಲು ಬಿಡು. ಕ್ರೋಶಾದಲ್ಲಿ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ, ಎಳೆದರೆ ಸರಸರ ಬಿಚ್ಚಿಕೊಳ್ಳುತ್ತದೆ. ಮಕ್ಕಳಿಗೆ ಅದೇ ಆಟ. ಇನ್ನೊಂದು, ಇಲ್ಲಿ ಚಳಿಗೆ ಬೆರಳು ಒಡೆದು ಉಣ್ಣೆ ಸಿಕ್ಕಿಕೊಳ್ಳುತ್ತದೆ. ಅಜ್ಜಿಗೆ ಪೌಡರ್ ಬೇಕಿತ್ತು, ನಮಗೆ ರಾತ್ರಿ ಕೊಬ್ಬರಿ ಎಣ್ಣೆ.

ನಿನಗೂ ನಾಲ್ಕು ಜನ ಬೇಕಲ್ವಾ? ಹತ್ತಿರದ ಗ್ರಂಥಾಲಯದಲ್ಲಿ ‘ನಿಟ್ ಅಂಡ್ ನ್ಯಾಟರ್’ ಇದೆಯಾ ಅಂತ ಕೇಳು. ಹೆಣೆಯುತ್ತಾ ಹರಟೆ ಹೊಡೆಯುವ ಗುಂಪು ಅದು. ಮೊದಲ ವರ್ಷ ನಾನು ಹೋದಾಗ ಇಂಗ್ಲಿಷ್ ಬಾಯಿಗೆ ಬರುತ್ತಿರಲಿಲ್ಲ. ಅಜ್ಜಿಯ ತೋರಣ ತೋರಿಸಿದೆ. ಐರ್ಲೆಂಡ್ ಮೂಲದ ಒಬ್ಬ ಮುದುಕಿ ಅದನ್ನು ತಗೊಂಡು ಮೊದಲು ಹಿಂದೆ ತಿರುಗಿಸಿ ನೋಡಿದಳು. ಹೆಣೆಯುವವರು ಮಾತ್ರ ಹಾಗೆ ಹಿಂಬದಿ ನೋಡುತ್ತಾರೆ. 1845ರಿಂದ ಅವರ ದೇಶದಲ್ಲಿ ಆಲೂಗಡ್ಡೆ ಬೆಳೆ ಹೋಗಿ ಬರಗಾಲ ಬಿದ್ದಾಗ ಕಾರ್ಕ್, ಕ್ಲೋನ್ಸ್ ಕಡೆಯ ಹೆಂಗಸರು ಕ್ರೋಶಾ ಲೇಸ್ ಮಾರಿ ಮಕ್ಕಳ ಹೊಟ್ಟೆ ತುಂಬಿಸಿದ್ದನ್ನು ಹೇಳಿದಳು. ನಾನು ಆಂಧ್ರದ ನರಸಾಪುರದಲ್ಲಿ ಇದೇ ಲೇಸನ್ನು ಕೂಲಿಗೆ ಹೆಣೆಯುವ ಹೆಣ್ಣುಮಕ್ಕಳ ವಿಷಯ ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವಳು.

ನಿನ್ನ ಬಿಳಿ ದಾರದ ಚೀಟಿಯಲ್ಲಿ ನಂಬರ್ ಇರುತ್ತದೆ, ನೋಡು. ನಂಬರ್ ಜಾಸ್ತಿ ಆದಷ್ಟು ದಾರ ಸಣ್ಣ. 20 ಇದ್ದರೆ 1.25 ಎಂಎಂ ಕಡ್ಡಿ ಸರಿಹೋಗುತ್ತದೆ. ಆಮೇಲೆ ನಿಮ್ಮವ್ವನಿಗೆ ಫೋನ್ ಮಾಡು. ಹೆಣೆಯುವವರು ದಾರವನ್ನು ಲೆಕ್ಕ ಹಾಕದೆ ಕೊಡುವುದಿಲ್ಲ. ಐದಲ್ಲ, ಏಳಲ್ಲ, ಆರೇ ಉಂಡೆ ಇಟ್ಟಿದ್ದಾರೆ. ಏನು ಹೆಣೆಯಲಿ ಅಂತ ಇಟ್ಟರು, ಕೇಳು.