ರಷ್ಯನ್ ಮೃದು ಚಿಹ್ನೆ: ದನಿಯಿಲ್ಲದ ಅಕ್ಷರದ ಕೆಲಸವೇನು?

ಪ್ರಶ್ನೆ: ವೈದ್ಯಕೀಯ ಓದಲು ರಷ್ಯಾಕ್ಕೆ ಹೊರಟಿದ್ದೇನೆ. ಭಾಷೆ ಕಲಿಯತೊಡಗಿ ಮೂರು ತಿಂಗಳಾಯಿತು. “ಮ್ಯಾಹ್ಕಿ ಜ್ನಾಕ್”, ಅಂದರೆ ಮೃದು ಚಿಹ್ನೆ, ತಲೆಗೆ ಹತ್ತುತ್ತಿಲ್ಲ. ಅದು ಬಂದಲ್ಲಿ ಸಣ್ಣದಾಗಿ “ಇ” ಸೇರಿಸಿದರೆ ಟೀಚರ್ ತಪ್ಪು ಎನ್ನುತ್ತಾರೆ. ಕೆಲವು ಪದಗಳಲ್ಲಂತೂ ಅದರಿಂದ ಉಚ್ಚಾರವೇ ಬದಲಾಗುವುದಿಲ್ಲ. ಮತ್ತೆ ಬರೆಯುವುದೇಕೆ?

ಉತ್ತರ: ನಮ್ಮ ಕಿವಿಗೆ ಅದು “ಇ” ಎಂದೇ ಕೇಳಿಸುತ್ತದೆ. ಹಿಂದೊಮ್ಮೆ ಈ ಅಕ್ಷರ ನಿಜಕ್ಕೂ ಇಕಾರಕ್ಕೆ ಹತ್ತಿರದ ಗಿಡ್ಡ ಸ್ವರವೇ ಆಗಿತ್ತು. ಸುಮಾರು 12ನೇ ಶತಮಾನದ ಹೊತ್ತಿಗೆ ಆ ಸ್ವರ ಬಿದ್ದುಹೋಗತೊಡಗಿತು. ಹಿಂದಿನ ವ್ಯಂಜನದಲ್ಲಿ ಅದರ ಮೆದುತನ ಮಾತ್ರ ಉಳಿಯಿತು. (ಮೃದು ಚಿಹ್ನೆ ಇರುವಲ್ಲಿ ಕೆಳಗೆ ’ ಹಾಕಿದ್ದೇನೆ.)

ನಾಲಗೆಯ ನಡುಭಾಗ ಅಂಗುಳಿನತ್ತ ಏಳಬೇಕು. ವ್ಯಂಜನ ಮುಗಿದ ಮೇಲಲ್ಲ, ವ್ಯಂಜನದ ಜೊತೆಗೇ. “ಪಂಚ” ಎನ್ನಲು ಹೊರಟು, “ಚ” ಬರುವ ಮೊದಲೇ ನಿಲ್ಲಿಸಿ ನೋಡಿ. ಅಲ್ಲಿ ಉಳಿಯುವ ಅನುನಾಸಿಕ ನಮ್ಮ ಞಕಾರ. ಹಗಲು ಎಂಬರ್ಥದ “ದ್ಯೇನ್’” ಪದದ ಕೊನೆಗೆ ಬಹಳ ಹತ್ತಿರ. ಇನ್ನು “ಬೋಲ್’” ಎಂದರೆ ನೋವು, ಆಸ್ಪತ್ರೆಯಲ್ಲಿ ನೀವು ದಿನವೂ ಕೇಳುವ ಪದ. “ಬೋಲಿ” ಎನ್ನಲು ಹೊರಡಿ, ನಾಲಗೆ “ಲಿ”ಗೆ ಅಣಿಯಾದೊಡನೆ ದನಿ ನಿಲ್ಲಿಸಿ. ಪೂರ್ತಿ “ಬೋಲಿ” ಎಂದುಬಿಟ್ಟರೆ ಅದು ನೋವಿನ ಷಷ್ಠೀ ವಿಭಕ್ತಿಯಾಗುತ್ತದೆ! ನಿಮ್ಮ ಟೀಚರ್ ತಿದ್ದುವುದು ಇದಕ್ಕೇ. ಮೆದುತನ ಪೂರ್ತಿ ಬಿಟ್ಟರೂ ಕಷ್ಟ: “ಊಗಲ್” ಮೂಲೆ, “ಊಗಲ್’” ಕಲ್ಲಿದ್ದಲು, “ಬ್ರಾತ್” ಅಣ್ಣ ಅಥವಾ ತಮ್ಮ, “ಬ್ರಾತ್’” ತೆಗೆದುಕೊಳ್ಳುವುದು.

ಸ್ವರದ ಮುಂಚೆ ಬಂದಾಗ ಇದು ನಡುವೆ ಒಂದು ಸ್ಪಷ್ಟ ಯಕಾರವನ್ನು ತರುತ್ತದೆ. “ಸ್ಯೇಮ್ಯಾ” ಬೀಜ, “ಸಿಮ್’ಯಾ” ಕುಟುಂಬ. ಒತ್ತು ಬೀಳುವ ಜಾಗವೂ ಬೇರೆ, ಮೊದಲನೆಯದರಲ್ಲಿ ಆರಂಭಕ್ಕೆ, ಎರಡನೆಯದರಲ್ಲಿ ಕೊನೆಗೆ.

ಉಚ್ಚಾರ ಬದಲಾಗದ ಪದಗಳಲ್ಲಿ ಅದು ವ್ಯಾಕರಣದ ಗುರುತು. “ವ್ರಾಚ್” ವೈದ್ಯ, “ದೋಚ್’” ಮಗಳು. ಎರಡರಲ್ಲೂ ಚಕಾರ ಒಂದೇ, ರಷ್ಯನ್ನಿನಲ್ಲಿ ಅದು ಯಾವಾಗಲೂ ಮೃದು. ಆದರೆ ಏಕವಚನದ ಮೂಲರೂಪದಲ್ಲಿ ಇಂಥ ಚಕಾರದ ನಂತರ ಚಿಹ್ನೆ ಕಂಡರೆ ನಾಮಪದ ಸ್ತ್ರೀಲಿಂಗ, ಕಾಣದಿದ್ದರೆ ಪುಲ್ಲಿಂಗ. ಮುಂದೆ ವಿಭಕ್ತಿಗಳೆಲ್ಲ ಅದರಂತೆ ನಡೆಯುತ್ತವೆ. ಬೇರೆ ಹೆಚ್ಚಿನ ವ್ಯಂಜನಗಳಲ್ಲಿ ಹಾಗೆ ನಂಬಲಾಗದು. “ದ್ಯೇನ್’” ಪುಲ್ಲಿಂಗ, “ಬೋಲ್’” ಸ್ತ್ರೀಲಿಂಗ. ಅಂಥ ಪದಗಳನ್ನು ಲಿಂಗದೊಂದಿಗೇ ಬಾಯಿಪಾಠ ಮಾಡಿ.